ಬಳ್ಳಾರಿಯಿಂದ ದುಬೈಗೆ ಎಷ್ಟು ತಾಸು? ವಿಮಾನದ ದೂರ, ಸಮಯ ನೀವೇ ಲೆಕ್ಕ ಹಾಕೋದು ಹೀಗೆ

ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇದೆ. ಮಗ ದುಬೈಗೆ ಕೆಲಸಕ್ಕೆ ಹೊರಟಿದ್ದಾನೆ, ಎಷ್ಟು ತಾಸಿನ ದಾರಿ? ರಾಯಚೂರಿನಿಂದ ಅಪ್ಪ ಅಮ್ಮ ಉಮ್ರಾಕ್ಕೆ ಹೋಗ್ತಾರೆ, ಜೆಡ್ಡಾ ಎಷ್ಟು ದೂರ? ಮಗಳು ಅಮೆರಿಕಕ್ಕೆ ಓದಲು ಹೋಗ್ತಾಳೆ, ಟಿಕೆಟ್ ನೋಡಿದರೆ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಮುಟ್ಟುತ್ತಾಳಂತೆ, ಇದು ಹೇಗೆ ಸಾಧ್ಯ?

ಗೂಗಲ್ ಒಂದು ಲೆಕ್ಕ ಹೇಳುತ್ತದೆ, ಟಿಕೆಟ್ ಇನ್ನೊಂದು, ಹೋಗಿ ಬಂದವರು ಮತ್ತೊಂದು. ಯಾರೂ ಸುಳ್ಳು ಹೇಳುತ್ತಿಲ್ಲ. ಎಲ್ಲಿಂದ ಎಲ್ಲಿಗೆ, ಯಾವ ಗಡಿಯಾರದಲ್ಲಿ ಅಂತ ಹೇಳದೇ ಲೆಕ್ಕ ಕೊಡುತ್ತಾರೆ, ಅಷ್ಟೇ. ಹಾಗಾಗಿ ಈ ಸಲ ಉತ್ತರದ ಬದಲು ಲೆಕ್ಕ ಹಾಕುವ ದಾರಿಯನ್ನೇ ಬರೆದಿದ್ದೇನೆ. ಏಳನೇ ಕ್ಲಾಸಿನ ಗಣಿತ ಸಾಕು.

ಬೇಕಾಗಿರುವುದು: ಒಂದು ಸ್ಮಾರ್ಟ್‌ಫೋನ್, ಪೆನ್ನು, ಕಾಗದ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಚೆಂಡು ಮತ್ತು ಒಂದು ಮೊಳ ದಾರ. ಟಿಕೆಟ್ ಆಗಿದ್ದರೆ ಅದೂ ಪಕ್ಕದಲ್ಲಿರಲಿ.

1. ಮೊದಲು ಊರಲ್ಲ, ವಿಮಾನ ನಿಲ್ದಾಣ ಗೊತ್ತು ಮಾಡಿಕೊಳ್ಳಿ

ನೀವು ಬಳ್ಳಾರಿಯಿಂದ ದುಬೈಗೆ ಹೋಗ್ತೀರಿ, ನಿಮ್ಮ ವಿಮಾನ ಬಳ್ಳಾರಿಯಿಂದ ಹೋಗಲ್ಲ. ತೋರಣಗಲ್ಲಿನ ಹತ್ತಿರ ವಿದ್ಯಾನಗರ ವಿಮಾನ ನಿಲ್ದಾಣ ಇದೆ, ನಿಜ. ಸಣ್ಣ ಊರುಗಳಿಗೂ ವಿಮಾನ ಓಡಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಅಲ್ಲಿಂದ ಬೆಂಗಳೂರು, ಹೈದರಾಬಾದ್‌ಗೆ ವಿಮಾನ ಹಾರಿವೆ. ಆದರೆ ಆ ಸೇವೆ ಒಮ್ಮೆ ಇರುತ್ತೆ, ಒಮ್ಮೆ ಇರಲ್ಲ. ನಿಮ್ಮ ತಾರೀಖಿಗೆ ಇದೆಯಾ ಅಂತ ವಿಮಾನ ಕಂಪನಿಯ ಆ್ಯಪಿನಲ್ಲೇ ನೋಡಿ, ಹೋದ ವರ್ಷ ಹೋಗಿ ಬಂದವರ ಮಾತು ನಂಬಿ ಕೂರಬೇಡಿ.

ವಿದೇಶಕ್ಕಾದರೆ ನಮ್ಮ ಕಡೆಯವರಿಗೆ ಸಾಮಾನ್ಯವಾಗಿ ಎರಡೇ ಬಾಗಿಲು. ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣ, ಶಂಷಾಬಾದಿನ ಹೈದರಾಬಾದ್ ವಿಮಾನ ನಿಲ್ದಾಣ. ರಾಯಚೂರಿನವರು ಬೆಂಗಳೂರಿಗೇ ಹೋಗಬೇಕು ಅಂತ ಯಾಕೆ ಹಟ ಹಿಡಿಯುತ್ತಾರೋ ನನಗೆ ಅರ್ಥ ಆಗಿಲ್ಲ. ರಾಯಚೂರಿನಿಂದ ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಹೋದರೆ ಶಂಷಾಬಾದ್ ಸುಮಾರು 200 ಕಿಲೋಮೀಟರ್. ದೇವನಹಳ್ಳಿ ಅದರ ಎರಡರಷ್ಟು ದೂರ. ಬಳ್ಳಾರಿಯವರಿಗೆ ಲೆಕ್ಕ ತಿರುಗುಮುರುಗು. ದೇವನಹಳ್ಳಿ ಸುಮಾರು 280, ಶಂಷಾಬಾದ್ 340ರ ಆಸುಪಾಸು. ಕೊಪ್ಪಳದವರು ದೇಶದೊಳಗಿನ ಪ್ರಯಾಣಕ್ಕೆ ಗದಗ ಮೇಲೆ ಹುಬ್ಬಳ್ಳಿಯನ್ನೂ ನೋಡಬಹುದು.

ಪ್ರತಿ ವಿಮಾನ ನಿಲ್ದಾಣಕ್ಕೂ ಮೂರಕ್ಷರದ ಕೋಡ್ ಇರುತ್ತದೆ. ಬೆಂಗಳೂರಿಗೆ ಬಿಎಲ್‌ಆರ್, ಹೈದರಾಬಾದಿಗೆ ಎಚ್‌ವೈಡಿ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ವಿದ್ಯಾನಗರಕ್ಕೆ ವಿಡಿವೈ, ದುಬೈಗೆ ಡಿಎಕ್ಸ್‌ಬಿ. ಟಿಕೆಟ್ ಮೇಲೆ ದೊಡ್ಡದಾಗಿ ಬರೆದಿರುವುದು ಇದೇ. ಊರಿನ ಹೆಸರು ಮರೆತರೂ ಪರವಾಗಿಲ್ಲ, ಈ ಕೋಡ್ ಬರೆದಿಟ್ಟುಕೊಳ್ಳಿ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಒಂದೇ ಹೆಸರಿನ ಊರುಗಳು. ಹೈದರಾಬಾದ್ ಅಂತ ಸುಮ್ನೆ ಟೈಪ್ ಮಾಡಿದರೆ ಕೆಲವು ದೂರ ಅಳೆಯುವ ಸೈಟುಗಳು ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದನ್ನು ಹಿಡಿದುಕೊಳ್ಳುತ್ತವೆ. ಲಂಡನ್ ಅನ್ನೋ ಊರು ಕೆನಡಾದಲ್ಲೂ ಇದೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲೂ ಇದೆ, ಅಮೆರಿಕದ ಅಲಬಾಮಾದಲ್ಲೂ ಇದೆ. ಎರಡು, ಒಂದೇ ಊರಿಗೆ ಹಲವು ವಿಮಾನ ನಿಲ್ದಾಣಗಳು. ಲಂಡನ್ನಿನಲ್ಲಿ ಹೀಥ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್ ಅಂತ ಸಾಲೇ ಇದೆ. ನ್ಯೂಯಾರ್ಕಿಗೆ ಹೋಗುವವರು ಇಳಿಯುವ ನೆವಾರ್ಕ್ ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿದೆ. ಅಷ್ಟು ದೂರ ಯಾಕೆ, ನಮ್ಮ ಗೋವಾದಲ್ಲೇ ದಕ್ಷಿಣಕ್ಕೆ ದಾಬೋಲಿಂ, ಉತ್ತರಕ್ಕೆ ಮೋಪಾ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದ ಟಿಕೆಟ್ ಅಗ್ಗ ಅಂತ ಕೊಂಡರೆ ಟ್ಯಾಕ್ಸಿಗೆ ಅದರಪ್ಪನಷ್ಟು ಕೊಡಬೇಕಾಗುತ್ತದೆ.

2. ನೇರ ದೂರ ಅಳೆಯಿರಿ

ನೇರ ದೂರ ಅಂದರೆ ರಸ್ತೆ, ಹಳ್ಳ, ಗುಡ್ಡ ಯಾವುದನ್ನೂ ಲೆಕ್ಕಿಸದೆ ನೆಟ್ಟಗೆ ಗೆರೆ ಎಳೆದ ದೂರ. ಬಳ್ಳಾರಿಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಈ ದೂರ 230 ಕಿಲೋಮೀಟರ್ ಚಿಲ್ಲರೆ, ರಸ್ತೆಯಲ್ಲಿ 280. ಗೂಗಲ್ ಮ್ಯಾಪಿನಲ್ಲಿ ದಾರಿ ಕೇಳಿದರೆ ಅದು ಹೇಳುವುದು ರಸ್ತೆಯ ದೂರ, ವಿಮಾನದ ಲೆಕ್ಕಕ್ಕೆ ಅದು ಬೇಡ.

ಸುಲಭದ ದಾರಿ ಇದು. ಫೋನಿನ ಗೂಗಲ್ ಮ್ಯಾಪಿನಲ್ಲಿ ಹೊರಡುವ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ಕೆಳಗಿನ ಪಟ್ಟಿಯನ್ನು ಮೇಲಕ್ಕೆ ಎಳೆದರೆ ದೂರ ಅಳೆಯುವ ಆಯ್ಕೆ ಸಿಗುತ್ತದೆ, ಅದನ್ನು ಮುಟ್ಟಿ. ಆಮೇಲೆ ಮ್ಯಾಪನ್ನು ಸರಿಸುತ್ತಾ ಇಳಿಯುವ ವಿಮಾನ ನಿಲ್ದಾಣದ ಮೇಲೆ ತಂದು ನಿಲ್ಲಿಸಿ. ಕೆಳಗೆ ಕಿಲೋಮೀಟರ್ ಕಾಣುತ್ತದೆ. ಬೆಂಗಳೂರಿನಿಂದ ದುಬೈಗೆ ಇಟ್ಟು ನೋಡಿ, 2,695ರ ಹತ್ತಿರ ಬರಬೇಕು. ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ ಆದರೆ ಬೆರಳಿನ ತಪ್ಪು, ತಲೆ ಕೆಡಿಸಿಕೊಳ್ಳಬೇಡಿ. ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನೋ ಸೈಟಿಗೆ ಹೋದರೆ ಇಷ್ಟೂ ಬೇಡ, ಎರಡು ಕೋಡ್ ಕೊಟ್ಟರೆ ದೂರ ಕೊಡುತ್ತದೆ.

ಆದರೂ ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಯಾಕೆಂದರೆ ಒಮ್ಮೆ ಹಾಕಿದವರು ಆಮೇಲೆ ಯಾವ ಸೈಟು ತಪ್ಪು ಹೇಳಿದರೂ ಹಿಡಿದುಬಿಡುತ್ತಾರೆ.

ಬೇಕಾದದ್ದು ಎರಡೂ ಊರಿನ ಅಕ್ಷಾಂಶ, ರೇಖಾಂಶ. ಅಕ್ಷಾಂಶ ಅಂದರೆ ಸಮಭಾಜಕ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ಅನ್ನೋದು. ರೇಖಾಂಶ ಅಂದರೆ ಲಂಡನ್ನಿನ ಗ್ರೀನಿಚ್‌ನಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಡಿಗ್ರಿ ಅನ್ನೋದು. ಮ್ಯಾಪಿನಲ್ಲಿ ಪಿನ್ ಹಾಕಿದಾಗ ಕಾಣುವ ಎರಡು ಅಂಕಿಗಳು ಇವೇ.

ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಅಂದರೆ 111 ಕಿಲೋಮೀಟರ್. ಎಲ್ಲಿ ಅಳೆದರೂ ಹೆಚ್ಚು ಕಡಿಮೆ ಇಷ್ಟೇ. ಬಳ್ಳಾರಿ ಇರುವುದು 15.15 ಡಿಗ್ರಿ ಉತ್ತರ, 76.93 ಪೂರ್ವ. ದೆಹಲಿ 28.61 ಉತ್ತರ, 77.21 ಪೂರ್ವ. ಗಮನಿಸಿದಿರಾ? ಎರಡೂ ಊರಿನ ರೇಖಾಂಶ ಹೆಚ್ಚು ಕಡಿಮೆ ಒಂದೇ. ಬಳ್ಳಾರಿ ಕೋಟೆ ಗುಡ್ಡದ ಮೇಲೆ ನಿಂತು ಮೂಗಿನ ನೇರಕ್ಕೆ ಉತ್ತರಕ್ಕೆ ಹೊರಟರೆ ದೆಹಲಿಯ ಪಕ್ಕದಲ್ಲೇ ಹಾದು ಹೋಗ್ತೀರಿ. ಹಾಗಾಗಿ ಲೆಕ್ಕವೂ ಸಲೀಸು. 28.61ರಲ್ಲಿ 15.15 ಕಳೆದರೆ 13.46. ಅದನ್ನು 111ರಿಂದ ಗುಣಿಸಿದರೆ 1,494. ಬಳ್ಳಾರಿಯಿಂದ ದೆಹಲಿಗೆ ನೇರ ದೂರ ಸುಮಾರು 1,500 ಕಿಲೋಮೀಟರ್, ಮುಗೀತು.

ಪೂರ್ವ ಪಶ್ಚಿಮಕ್ಕೆ ಹೋದಾಗ ಒಂದು ತೊಡಕು. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರ ಹತ್ತಿರ ಬರುತ್ತವೆ, ಕಿತ್ತಳೆ ತೊಳೆಗಳು ತುದಿಯಲ್ಲಿ ಕೂಡಿಕೊಂಡ ಹಾಗೆ. ಹಾಗಾಗಿ ಅಲ್ಲಿ ಒಂದು ಡಿಗ್ರಿಯ ಬೆಲೆ ಕಡಿಮೆ ಆಗುತ್ತಾ ಹೋಗುತ್ತದೆ. ಸಮಭಾಜಕದ ಮೇಲೆ 111 ಕಿಲೋಮೀಟರ್. 20 ಡಿಗ್ರಿ ಅಕ್ಷಾಂಶದಲ್ಲಿ 104. 30ರಲ್ಲಿ 96. 40ರಲ್ಲಿ 85. 50ರಲ್ಲಿ 71. 60ರಲ್ಲಿ ಅರ್ಧಕ್ಕರ್ಧ, 55 ಚಿಲ್ಲರೆ. ಎರಡೂ ಊರಿನ ಅಕ್ಷಾಂಶದ ನಡುವಿನದನ್ನು ತೆಗೆದುಕೊಂಡರೆ ಸಾಕು.

ಈಗ ದುಬೈ. ಬೆಂಗಳೂರು ವಿಮಾನ ನಿಲ್ದಾಣ 13.20 ಉತ್ತರ, 77.71 ಪೂರ್ವ. ದುಬೈ 25.25 ಉತ್ತರ, 55.36 ಪೂರ್ವ. ಅಕ್ಷಾಂಶದ ವ್ಯತ್ಯಾಸ 12.05, ಗುಣಿಸು 111, ಬಂತು 1,338. ರೇಖಾಂಶದ ವ್ಯತ್ಯಾಸ 22.35. ನಡುವಿನ ಅಕ್ಷಾಂಶ 19ರ ಹತ್ತಿರ, ಅಲ್ಲಿ ಡಿಗ್ರಿಗೆ 105. ಗುಣಿಸಿದರೆ 2,347. ಈಗ ಒಂದು ಕಡೆ 1,338, ಇನ್ನೊಂದು ಕಡೆ 2,347 ಇರುವ ಲಂಬಕೋನ ತ್ರಿಭುಜ ನಿಮ್ಮ ಮುಂದಿದೆ. ಶಾಲೆಯ ಪೈಥಾಗೊರಸ್ ನೆನಪು ಮಾಡಿಕೊಳ್ಳಿ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. ಸುಮಾರು 2,700. ಫೋನ್ ಹೇಳಿದ್ದು 2,695. ಚಹಾದ ಕಪ್ಪಿನ ಪಕ್ಕದಲ್ಲಿ ಕೂತು ಹಾಕಿದ ಲೆಕ್ಕಕ್ಕೆ ಇದು ಜಾಸ್ತಿಯೇ ಆಯ್ತು, ಅಲ್ವಾ?

ಮೈಲಿಯ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಮಾಮೂಲಿ ಮೈಲಿ 1.609 ಕಿಲೋಮೀಟರ್. ವಿಮಾನದವರ, ಹಡಗಿನವರ ನಾಟಿಕಲ್ ಮೈಲಿ 1.852 ಕಿಲೋಮೀಟರ್. ಗಂಟೆಗೆ ಒಂದು ನಾಟಿಕಲ್ ಮೈಲಿ ಅಂದರೆ ಒಂದು ನಾಟ್. ಸೈಟು ಯಾವುದರಲ್ಲಿ ಹೇಳುತ್ತಿದೆ ಅಂತ ನೋಡದೆ ಬರೆದುಕೊಂಡರೆ ಲೆಕ್ಕ ಹಾಳು.

3. ದೂರದ ಊರಾದರೆ ಕಾಗದದ ಮ್ಯಾಪ್ ನಂಬಬೇಡಿ

ಮೇಲಿನ ಕೈ ಲೆಕ್ಕ ದುಬೈಗೆ, ಸಿಂಗಪುರಕ್ಕೆ, ಜೆಡ್ಡಾಕ್ಕೆ ಸರಿ. ಅಮೆರಿಕಕ್ಕೆ ಹಾಕಿದರೆ ಮಣ್ಣು ಮುಕ್ಕುತ್ತದೆ. ಬೆಂಗಳೂರು ಸ್ಯಾನ್‌ಫ್ರಾನ್ಸಿಸ್ಕೋ ನಡುವೆ ಅದೇ ರೀತಿ ಹಾಕಿದರೆ 16,000ಕ್ಕಿಂತ ಜಾಸ್ತಿ ಬರುತ್ತದೆ. ನಿಜವಾದ ದೂರ 14,000ಕ್ಕೆ ಸ್ವಲ್ಪ ಕಮ್ಮಿ. ಎರಡು ಸಾವಿರ ಕಿಲೋಮೀಟರಿಗೂ ಮೀರಿದ ವ್ಯತ್ಯಾಸ ಎಲ್ಲಿಂದ ಬಂತು?

ಗ್ಲೋಬ್ ತೆಗೆಯಿರಿ. ದಾರದ ಒಂದು ತುದಿ ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ, ಇನ್ನೊಂದು ತುದಿ ಸ್ಯಾನ್‌ಫ್ರಾನ್ಸಿಸ್ಕೋ ಮೇಲೆ. ಈಗ ದಾರವನ್ನು ಬಿಗಿಯಾಗಿ ಎಳೆಯಿರಿ. ಚೀನಾ, ಜಪಾನ್ ಮೇಲೆ ಇದ್ದ ದಾರ ಜಾರಿಕೊಂಡು ಮೇಲಕ್ಕೆ ಏರಿ ರಷ್ಯಾದ ಉತ್ತರ ತುದಿಯ ಹತ್ತಿರ ಹೋಗಿ ನಿಲ್ಲುತ್ತದೆ. ಆ ಬಿಗಿ ದಾರವೇ ಅತಿ ಹತ್ತಿರದ ದಾರಿ. ಇದಕ್ಕೆ ಮಹಾವೃತ್ತ ಅಂತಾರೆ. ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತ ಅಂತ ಅರ್ಥ. ಗೋಡೆಗೆ ಹಾಕುವ ಮ್ಯಾಪು ಗುಂಡನ್ನು ಹಾಸಿಗೆ ತರ ಹಾಸಿರುತ್ತದೆ, ಹಾಗಾಗಿ ಅದರ ಮೇಲೆ ಈ ದಾರಿ ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ. ವಿಮಾನ ಸುತ್ತಿಕೊಂಡು ಹೋಗ್ತಿದೆ ಅಂತ ನಮಗೆ ಅನಿಸುವುದು ಮ್ಯಾಪಿನ ತಪ್ಪು, ಪೈಲಟ್ಟಿನದಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನಡುವೆ ಎಲ್ಲೂ ಇಳಿಯದ ವಿಮಾನ ಶುರು ಮಾಡಿದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವ ಪ್ರದೇಶದ ಮೇಲಿಂದ ಅದನ್ನು ತಂದು ಇಳಿಸಿದರು. ಅಲ್ಲಿ 9ನೇ ತಾರೀಖಿನ ರಾತ್ರಿ ಹೊರಟು ಇಲ್ಲಿ 11ರ ನಸುಕಿನಲ್ಲಿ ಮುಟ್ಟಿತು. 10ನೇ ತಾರೀಖು ಎಲ್ಲಿ ಹೋಯ್ತು ಅನ್ನೋದನ್ನು ಐದನೇ ಹಂತದಲ್ಲಿ ನೋಡೋಣ.

ದೂರದ ಊರಿಗೆ ಹಾಗಾದರೆ ಕೈ ಲೆಕ್ಕ ಬಿಟ್ಟು ಫೋನಿನ ಲೆಕ್ಕ ಹಿಡಿಯಿರಿ. ಗೂಗಲ್ ಮ್ಯಾಪ್ ಅಳೆಯುವುದು ಮಹಾವೃತ್ತದ ದೂರವನ್ನೇ.

4. ದೂರವನ್ನು ಸಮಯ ಮಾಡಿ

ದೊಡ್ಡ ಜೆಟ್ ವಿಮಾನ ಮೇಲೆ ಏರಿದ ಮೇಲೆ ಗಂಟೆಗೆ 850ರಿಂದ 900 ಕಿಲೋಮೀಟರ್ ಓಡುತ್ತದೆ. ಆದರೆ ಏರುವಾಗ, ಇಳಿಯುವಾಗ, ರನ್‌ವೇಗೆ ಸಾಲಿನಲ್ಲಿ ನಿಂತಾಗ ಅಷ್ಟು ಓಡಲ್ಲ. ಅದಕ್ಕೆ ನಾನು ಹಾಕುವ ಲೆಕ್ಕ: ಕಿಲೋಮೀಟರನ್ನು 850ರಿಂದ ಭಾಗಿಸಿ, ಬಂದದ್ದಕ್ಕೆ ಅರ್ಧ ತಾಸಿನಿಂದ ನಲವತ್ತು ನಿಮಿಷ ಸೇರಿಸಿ.

ದುಬೈಗೆ 2,695 ಭಾಗಿಸು 850, ಅಂದರೆ ಮೂರು ತಾಸು ಹತ್ತು ನಿಮಿಷ. ಅರ್ಧ ತಾಸು ಚಿಲ್ಲರೆ ಸೇರಿಸಿ ಮೂರು ಮುಕ್ಕಾಲು. ಟಿಕೆಟ್ ಮೇಲೆ ನಾಲ್ಕು ತಾಸಿನ ಆಸುಪಾಸು ಇರುತ್ತದೆ. ಬೆಂಗಳೂರಿನಿಂದ ದೆಹಲಿ 1,710 ಕಿಲೋಮೀಟರ್, ಎರಡು ತಾಸು, ಸೇರಿಸಿ ಎರಡೂವರೆ ದಾಟಿತು. ಟಿಕೆಟ್ ಮೇಲೆ ಎರಡು ಮುಕ್ಕಾಲು. ಹೈದರಾಬಾದಿನಿಂದ ಜೆಡ್ಡಾ 4,100 ಕಿಲೋಮೀಟರ್ ಮೇಲೆ, ಐದೂವರೆಯಿಂದ ಆರು ತಾಸು ಹಿಡಿಯಿರಿ. ಲಂಡನ್ ಬೆಂಗಳೂರಿನಿಂದ 8,000 ಕಿಲೋಮೀಟರ್, ಹತ್ತು ತಾಸು ಮೇಲೆ.

ಟಿಕೆಟ್ ಮೇಲೆ ಯಾಕೆ ಸ್ವಲ್ಪ ಜಾಸ್ತಿ ಅಂದರೆ ಅದು ಬ್ಲಾಕ್ ಟೈಮ್. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇಳಿದು ಮತ್ತೆ ನಿಲ್ಲುವವರೆಗಿನ ಸಮಯ. ಪೈಲಟ್ ಮೈಕಿನಲ್ಲಿ ಹೇಳುವುದು ಬರೀ ಹಾರಾಟದ ಸಮಯ. ದೆಹಲಿಗೆ ಎರಡೂಕಾಲು ತಾಸು ಅಂತ ಪೈಲಟ್ ಹೇಳಿದರೆ ವಿಮಾನ ಬೇಗ ಹೋಗ್ತಿದೆ ಅಂತಲ್ಲ, ಅವರು ಬೇರೆ ಅಳತೆ ಹೇಳಿದರು ಅಂತ.

ಸಣ್ಣ ವಿಮಾನಕ್ಕೆ 850 ಹಾಕಬೇಡಿ. ರೆಕ್ಕೆಯ ಮೇಲೆ ಫ್ಯಾನ್ ತಿರುಗುವ ಎಟಿಆರ್ ವಿಮಾನ ಗಂಟೆಗೆ 500 ಕಿಲೋಮೀಟರ್ ಓಡುತ್ತದೆ. ವಿದ್ಯಾನಗರದಿಂದ ಬೆಂಗಳೂರು ನೇರಕ್ಕೆ 250 ಕಿಲೋಮೀಟರ್ ಇದ್ದರೂ ಅಂಥ ವಿಮಾನಕ್ಕೆ ಒಂದು ತಾಸು ಬೇಕಾಗುವುದು ಇದಕ್ಕೇ.

ಇನ್ನು ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಜೋರು ಗಾಳಿ ಹರಿಯುತ್ತದೆ. ಇದಕ್ಕೆ ಜೆಟ್ ಸ್ಟ್ರೀಮ್ ಅಂತಾರೆ. ಪೂರ್ವಕ್ಕೆ ಹೋಗುವ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೋಗುವುದನ್ನು ಎದುರಿನಿಂದ ತಡೆಯುತ್ತದೆ. ಹಾಗಾಗಿ ದುಬೈ, ಲಂಡನ್ನಿಗೆ ಹೋಗುವಾಗ ಜಾಸ್ತಿ, ಬರುವಾಗ ಕಮ್ಮಿ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ಬಿರುಗಾಳಿಯ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಮುಟ್ಟಿತ್ತು. ಮಾಮೂಲಿಗೆ ಆರೂವರೆ, ಏಳು ತಾಸು ಬೇಕು. ಭೂಮಿ ಪೂರ್ವಕ್ಕೆ ತಿರುಗುತ್ತಲ್ಲ, ಪಶ್ಚಿಮಕ್ಕೆ ಹೋದರೆ ಊರೇ ಎದುರು ಬರಬೇಕಲ್ವಾ ಅಂತ ಕೇಳುವವರಿದ್ದಾರೆ. ಇಲ್ಲ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಓಡುವ ರೈಲಿನ ಒಳಗೆ ಹಾರುವ ನೊಣ ಹಿಂದಿನ ಗೋಡೆಗೆ ಬಡಿಯುತ್ತದಾ?

ಕೊನೆಗೆ ಆಕಾಶದ ಬಾಗಿಲುಗಳು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ನಂತರ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಒಂಬತ್ತೂವರೆ ತಾಸಿನ ಹೆಲ್ಸಿಂಕಿ ಟೋಕಿಯೋ ದಾರಿ ಹದಿಮೂರು ತಾಸು ಆಯಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ದಾರಿ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಸುತ್ತಿಕೊಂಡು ಹೋಗಬೇಕಾಯಿತು. ನಿಮ್ಮ ಲೆಕ್ಕಕ್ಕಿಂತ ಟಿಕೆಟಿನ ಸಮಯ ಒಂದು ತಾಸಿಗಿಂತ ಜಾಸ್ತಿ ಇದ್ದರೆ ಕಾರಣ ಹೆಚ್ಚಾಗಿ ಇಂಥದ್ದೇ. ಫ್ಲೈಟ್‌ರೇಡಾರ್24 ಆ್ಯಪಿನಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ, ಹಿಂದಿನ ದಿನಗಳಲ್ಲಿ ಅದು ಯಾವ ದಾರಿ ಹಿಡಿಯಿತು, ಎಷ್ಟೊತ್ತಿಗೆ ಇಳಿಯಿತು ಅಂತ ನೋಡಿ. ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

5. ಗಡಿಯಾರ ಸರಿ ಮಾಡಿಕೊಳ್ಳಿ

ಟಿಕೆಟ್ ಮೇಲಿರುವುದು ಆಯಾ ಊರಿನ ಸಮಯ. ಹೊರಡುವುದು ಇಲ್ಲಿಯ ಗಡಿಯಾರದಲ್ಲಿ, ಇಳಿಯುವುದು ಅಲ್ಲಿಯ ಗಡಿಯಾರದಲ್ಲಿ. ಇದೊಂದನ್ನು ಮರೆತರೆ ಉಳಿದ ಎಲ್ಲ ಲೆಕ್ಕ ಸರಿ ಇದ್ದೂ ದಂಡ.

ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಜೆಡ್ಡಾ, ದೋಹಾ, ಕುವೈತ್ ಎರಡೂವರೆ ತಾಸು ಹಿಂದೆ. ಸಿಂಗಪುರ ಎರಡೂವರೆ ತಾಸು ಮುಂದೆ. ಬೆಂಗಳೂರಿನಿಂದ ಬೆಳಿಗ್ಗೆ 10:20ಕ್ಕೆ ಹೊರಟು ದುಬೈಯಲ್ಲಿ 12:50ಕ್ಕೆ ಇಳಿದರೆ ಎರಡೂವರೆ ತಾಸು ಅನಿಸುತ್ತದೆ. ಒಂದೂವರೆ ಸೇರಿಸಿ, ನಾಲ್ಕು. ಬರುವಾಗ ದುಬೈಯಲ್ಲಿ ಮಧ್ಯಾಹ್ನ 1ಕ್ಕೆ ಹೊರಟು ಇಲ್ಲಿ ಸಂಜೆ 6:20ಕ್ಕೆ ಇಳಿದರೆ ಐದು ತಾಸು ಇಪ್ಪತ್ತು ನಿಮಿಷ ಅನಿಸುತ್ತದೆ. ಒಂದೂವರೆ ಕಳೆಯಿರಿ, ಮೂರು ಐವತ್ತು. ಪಶ್ಚಿಮಕ್ಕೆ ಹೋಗುವಾಗ ಸೇರಿಸು, ಬರುವಾಗ ಕಳೆ.

ಈಗ ಅಮೆರಿಕದ ಮಗಳು. ಚಳಿಗಾಲದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು ಹದಿನೇಳು ತಾಸು ಹಾರಿದರೆ ನಮ್ಮ ಗಡಿಯಾರದಲ್ಲಿ ಮಂಗಳವಾರ ಬೆಳಿಗ್ಗೆ 7. ಹದಿಮೂರೂವರೆ ಕಳೆದರೆ ಅಲ್ಲಿ ಇನ್ನೂ ಸೋಮವಾರ ಸಂಜೆ 5:30. ಹೋಗುವಾಗ ಉಳಿದ ಈ ಸಮಯವನ್ನು ಬರುವಾಗ ತಿರುಗಿ ಕೊಡಬೇಕು. ಏರ್ ಇಂಡಿಯಾದ ಆ ವಿಮಾನದ 10ನೇ ತಾರೀಖು ಹೋಗಿದ್ದು ಅಲ್ಲಿಗೇ.

ಅಮೆರಿಕ, ಇಂಗ್ಲೆಂಡ್, ಯುರೋಪಿನಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸುತ್ತಾರೆ. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ, ಇಂಗ್ಲೆಂಡಿನಲ್ಲಿ ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ. ಆಗ ಲಂಡನ್ನಿನ ವ್ಯತ್ಯಾಸ ಐದೂವರೆಯಿಂದ ನಾಲ್ಕೂವರೆಗೆ ಇಳಿಯುತ್ತದೆ. ದುಬೈ, ಸೌದಿಯಲ್ಲಿ ಈ ತಾಪತ್ರಯ ಇಲ್ಲ.

ಎಲ್ಲಕ್ಕಿಂತ ದೊಡ್ಡ ಗುಂಡಿ ಮಧ್ಯರಾತ್ರಿಯ ವಿಮಾನ. ನಮ್ಮಲ್ಲಿ ಹೊತ್ತು ಹುಟ್ಟಿದ ಮೇಲೇ ದಿನ. ವಿಮಾನದವರಿಗೆ ರಾತ್ರಿ ಹನ್ನೆರಡಕ್ಕೇ ದಿನ ಬದಲು. ಟಿಕೆಟ್ ಮೇಲೆ 15ನೇ ತಾರೀಖು 01:30 ಅಂತ ಇದ್ದರೆ ನೀವು ವಿಮಾನ ನಿಲ್ದಾಣದಲ್ಲಿ ಇರಬೇಕಾದದ್ದು 14ರ ರಾತ್ರಿ ಹತ್ತೂವರೆಗೆ, ಬಳ್ಳಾರಿ ಬಿಡಬೇಕಾದದ್ದು 14ರ ಮಧ್ಯಾಹ್ನ. ನಮ್ಮ ಓಣಿಯ ಹುಡುಗನೊಬ್ಬ 15ರ ಸಂಜೆ ಹಣೆಗೆ ಕುಂಕುಮ ಇಡಿಸಿಕೊಂಡು, ಹಾರ ಹಾಕಿಸಿಕೊಂಡು ಹೊರಟಿದ್ದ. ಅವನ ವಿಮಾನ ದುಬೈಯಲ್ಲಿ ಇಳಿದು ಅರ್ಧ ದಿನ ಆಗಿತ್ತು. ಟಿಕೆಟ್ ಕೈಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಮನೆ ಬಿಡುವ ದಿನಕ್ಕೆ ಗುರುತು ಹಾಕಿ, ವಿಮಾನದ ದಿನಕ್ಕಲ್ಲ.

6. ನಡುವೆ ಇಳಿಯುವುದಿದ್ದರೆ

ನಾನ್‌ಸ್ಟಾಪ್ ಅಂದರೆ ಎಲ್ಲೂ ಇಳಿಯದ ವಿಮಾನ. ಡೈರೆಕ್ಟ್ ಅಂದರೆ ಹಾಗಲ್ಲ, ಸಂಖ್ಯೆ ಒಂದೇ ಇದ್ದು ನಡುವೆ ಎಲ್ಲೋ ಇಳಿದು ಹೋಗಬಹುದು. ಟಿಕೆಟಿನಲ್ಲಿ ಸ್ಟಾಪ್ ಎಷ್ಟು ಅಂತ ನೋಡಿ. ನಡುವೆ ಕಾಯುವ ಸಮಯಕ್ಕೆ ಲೇಓವರ್ ಅಂತಾರೆ, ಅದನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಿ.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಪಿಎನ್‌ಆರ್ ಅಂದರೆ ನಿಮ್ಮ ಬುಕಿಂಗ್ ಸಂಖ್ಯೆ. ಒಂದೇ ಇದ್ದರೆ ಮೊದಲ ವಿಮಾನ ತಡವಾದಾಗ ಮುಂದಿನದಕ್ಕೆ ಕೂರಿಸುವ ಜವಾಬ್ದಾರಿ ಕಂಪನಿಯದು. ಬೇರೆ ಬೇರೆ ಇದ್ದರೆ ನಿಮ್ಮ ಹಣೆಬರಹ. ವಿದೇಶದಿಂದ ಬರುವಾಗ ಮುಂಬೈಯಲ್ಲೋ ದೆಹಲಿಯಲ್ಲೋ ಮೊದಲು ಇಳಿದರೆ ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಶನ್, ಅಲ್ಲೇ ಲಗೇಜ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಇದಕ್ಕೆ ಮೂರು ತಾಸಿಗಿಂತ ಕಮ್ಮಿ ಇಟ್ಟುಕೊಳ್ಳಬೇಡಿ. ಮುಂಬೈಯ ಎರಡು ಟರ್ಮಿನಲ್‌ಗಳು ಬೇರೆ ಬೇರೆ ಕಡೆ ಇವೆ, ಊರಿನ ರಸ್ತೆಯಲ್ಲಿ ಸುತ್ತಿ ಹೋಗಬೇಕು.

7. ಹೊಸಿಲಿನಿಂದ ಹೊಸಿಲಿಗೆ ಲೆಕ್ಕ ಹಾಕಿ

ನಿಜವಾಗಿ ನಿಮಗೆ ಬೇಕಾದ ಉತ್ತರ ಇದು. ಬಳ್ಳಾರಿಯಿಂದ ದುಬೈಗೆ ನಾಲ್ಕು ತಾಸು ಅಂತ ಯಾರಾದರೂ ಹೇಳಿದರೆ ಅವರು ಬೆಂಗಳೂರಿನ ರನ್‌ವೇಯಿಂದ ಲೆಕ್ಕ ಹಾಕಿದ್ದಾರೆ.

ವಿಮಾನದ ಸಮಯದಿಂದ ಹಿಂದಕ್ಕೆ ಬನ್ನಿ. ವಿಮಾನ 10:20ಕ್ಕೆ. ವಿದೇಶಕ್ಕಾದರೆ ಮೂರು ತಾಸು ಮೊದಲು ನಿಲ್ದಾಣದಲ್ಲಿರಿ. ಚೆಕ್ ಇನ್ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲು ಮುಚ್ಚುತ್ತದೆ, ಆಮೇಲೆ ಕೈಕಾಲು ಹಿಡಿದರೂ ತೆಗೆಯಲ್ಲ. ಅಂದರೆ 7:20ಕ್ಕೆ ದೇವನಹಳ್ಳಿ. ಬಳ್ಳಾರಿಯಿಂದ ಕಾರಿನಲ್ಲಿ ಐದು ತಾಸು, ಊಟ, ಚಹಾ, ಪಂಕ್ಚರಿಗೆ ಒಂದು ತಾಸು. ಹಾಗಾದರೆ ರಾತ್ರಿ 1:20ಕ್ಕೆ ಮನೆ ಬಿಡಬೇಕು. ದುಬೈಯಲ್ಲಿ ಇಳಿದ ಮೇಲೆ ಇಮಿಗ್ರೇಶನ್, ಲಗೇಜ್, ಟ್ಯಾಕ್ಸಿಗೆ ಒಂದೂವರೆ ತಾಸು. ಒಟ್ಟು ಹದಿನಾಲ್ಕೂವರೆ ತಾಸು, ಅದರಲ್ಲಿ ವಿಮಾನದ್ದು ಬರೀ ನಾಲ್ಕು. ಟಿಕೆಟಿನಲ್ಲಿ ಅರ್ಧ ತಾಸು ಉಳಿಸಲು ಎರಡು ಸಾವಿರ ಜಾಸ್ತಿ ಕೊಡುವ ಮೊದಲು ಈ ಲೆಕ್ಕ ಒಮ್ಮೆ ನೋಡಿ.

ರಸ್ತೆಯ ಬಗ್ಗೆ ಒಂದು ಮಾತು. ಬಳ್ಳಾರಿಯವರು ಅಭ್ಯಾಸ ಬಲದಿಂದ ಚಳ್ಳಕೆರೆ, ಹಿರಿಯೂರು, ತುಮಕೂರು ಮೇಲೆ ಬೆಂಗಳೂರಿಗೆ ಹೋಗಿ, ಊರಿನ ಟ್ರಾಫಿಕ್ ದಾಟಿ, ಮತ್ತೆ ಉತ್ತರಕ್ಕೆ ದೇವನಹಳ್ಳಿಗೆ ಬರುತ್ತಾರೆ. ಯಾಕೆ? ಉರವಕೊಂಡ ಮೇಲೆ ಅನಂತಪುರಕ್ಕೆ ನೂರು ಕಿಲೋಮೀಟರ್, ಅಲ್ಲಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ದೇವನಹಳ್ಳಿ. ಬೆಂಗಳೂರಿನ ಮುಖ ನೋಡದೆ ವಿಮಾನ ಹತ್ತಬಹುದು. ಬಾಡಿಗೆ ಗಾಡಿಯವರಿಗೆ ಮೊದಲೇ ಹೇಳಿ, ಆಂಧ್ರ ಪರ್ಮಿಟ್ ಇದೆಯಾ ಅಂತ ಕೇಳಿ. ರಾತ್ರಿ ರೈಲಿಗೆ ಹೋಗುವವರು ಯಲಹಂಕದಲ್ಲಿ ನಿಲ್ಲುವ ರೈಲಾದರೆ ಅಲ್ಲೇ ಇಳಿಯಿರಿ, ಮೆಜೆಸ್ಟಿಕ್ ತನಕ ಹೋಗಿ ವಾಪಸ್ ಬರುವುದು ಬೇಡ. ಆದರೆ ರೈಲು ಎರಡು ತಾಸು ತಡವಾದರೂ ವಿಮಾನ ಸಿಗುವ ಹಾಗಿದ್ದರೆ ಮಾತ್ರ ರೈಲು.

ಹೊರಡುವ ಹಿಂದಿನ ದಿನ ವಿಮಾನದ ಸಮಯ, ಟರ್ಮಿನಲ್ ಎರಡನ್ನೂ ಮತ್ತೆ ನೋಡಿ. ಅಲ್ಲಿ ಕರೆದುಕೊಳ್ಳಲು ಬರುವವರಿಗೆ ಇಳಿಯುವ ಸಮಯವನ್ನು ಅಲ್ಲಿಯ ಗಡಿಯಾರದಲ್ಲೇ ಹೇಳಿ, ವಿಮಾನದ ಸಂಖ್ಯೆಯನ್ನೂ ಕಳಿಸಿ, ಇಳಿದ ಮೇಲೆ ಹೊರಗೆ ಬರಲು ಒಂದು ತಾಸು ಬೇಕು ಅಂತಾನೂ ಹೇಳಿಬಿಡಿ. ಮನೆಯಲ್ಲಿ ಕಾಯುವ ಅಮ್ಮನಿಗೆ ಮಾತ್ರ ನಮ್ಮ ಗಡಿಯಾರದ ಸಮಯ ಹೇಳಿ, ಅದಕ್ಕೆ ಇನ್ನೊಂದು ತಾಸು ಜಾಸ್ತಿಯೇ ಸೇರಿಸಿ.